ಕತ್ತರಿ ಮೇಡಂ ಕತ್ತರಿಸದೆ ಬಿಟ್ಟದ್ದು

ಪರದೆಯ ಮೇಲೆ ಪಾಠ ಕೇಳುವ ವಿದ್ಯಾರ್ಥಿಗೆ ಕಾಣುವುದು ಪಾಠ ಹೇಳುವವರ ಮುಖ, ಕೇಳಿಸುವುದು ಅವರ ದನಿ. ಆ ಪಾಠ ಎಲ್ಲಿ ಆರಂಭವಾಗಬೇಕು, ಎಷ್ಟು ಹೊತ್ತು ನಡೆದು ಎಲ್ಲಿ ನಿಲ್ಲಬೇಕು, ನಿಂತಲ್ಲಿ ವಿದ್ಯಾರ್ಥಿಯ ಕೈಯಿಂದ ಏನು ಮಾಡಿಸಬೇಕು, ತರಗತಿಯ ಬೆಂಚಿನ ಮೇಲೆ ಕುಳಿತವನಿಗೂ ಎಲ್ಲೋ ದೂರದಲ್ಲಿ ಕೆಲಸ ಮುಗಿಸಿ ಫೋನು ಹಿಡಿದು ಕುಳಿತವಳಿಗೂ ಅದು ಒಂದೇ ಪಾಠವಾಗಿ ದಕ್ಕುವುದು ಹೇಗೆ ಎಂದು ಯೋಚಿಸಿ, ಕಟ್ಟಿ, ಒಡೆದು, ಮತ್ತೆ ಕಟ್ಟುವ ಇನ್ನೊಬ್ಬರು ಅದರ ಹಿಂದೆ ಇರುತ್ತಾರೆಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಪಾಠ ಹೇಳಿದವರಿಗೂ ನೆನಪಿರುವುದಿಲ್ಲ. ಆ ಕೆಲಸಕ್ಕೆ ಬೋಧನಾ ವಿನ್ಯಾಸವೆಂದು ಹೆಸರು. ನಮ್ಮ ವಿಶ್ವವಿದ್ಯಾಲಯದಲ್ಲಿ ಆ ಹೆಸರಿಗೆ ಜೀವ ತುಂಬಿದವರು, ಆನ್‌ಲೈನ್ ಶಿಕ್ಷಣ ವಿಭಾಗವೆಂಬ ಫಲಕವನ್ನು ಬಾಗಿಲಿಗೆ ಹೊಡೆಯುವ ಮೊದಲೇ ಅದರ ಕೆಲಸವನ್ನು ಶುರುಮಾಡಿದ್ದವರು, ಕಳೆದ ಬೇಸಿಗೆಯಲ್ಲಿ ನಿವೃತ್ತರಾದ ನಮ್ಮ ಹಿರಿಯ ವಿನ್ಯಾಸಕಿ. ವಿಭಾಗದವರಾದ ನಮಗೆ ಅವರು ಬರೀ ಮೇಡಂ. ಅಧ್ಯಾಪಕ ವೃಂದಕ್ಕೆ, ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಎದುರಿಗೇ, ಕತ್ತರಿ ಮೇಡಂ.

ಪಾಠಗಳು ಅಂಚೆಯಲ್ಲಿ ಹೋಗುತ್ತಿದ್ದ ಕಾಲಕ್ಕೆ ಕರಡು ತಿದ್ದುವ ಕೆಲಸಕ್ಕೆಂದು ಸೇರಿದವರು ಅವರು. ಪಾಠಗಳು ಪರದೆಗೆ ಏರಿದಾಗ ಅವರನ್ನೂ ಮುರಿದ ಡೆಸ್ಕುಗಳನ್ನು ತುಂಬಿಡುತ್ತಿದ್ದ ಕೆಳ ಅಂತಸ್ತಿನ ಕೊನೆಯ ಕೋಣೆಗೆ ಏರಿಸಲಾಯಿತು. ಇಳಿಸಲಾಯಿತು ಎಂದರೂ ತಪ್ಪಿಲ್ಲ. ಒಂದೇ ಕಿಟಕಿ, ಅದನ್ನು ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಗ್ರಂಥಾಲಯದ ಹಿಂಗೋಡೆ. ಒಳಗಿನ ಅರ್ಧ ಭಾಗದಲ್ಲಿ ದನಿ ಮಾರ್ದನಿಗೊಡದಂತೆ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆಸಿ ಧ್ವನಿಮುದ್ರಣಕ್ಕೆ ಜಾಗ ಮಾಡಿಕೊಂಡಿದ್ದರು. ಮುದ್ರಣ ನಡೆಯುವಾಗ ಫ್ಯಾನು ಹಾಕುವಂತಿರಲಿಲ್ಲ. ಮೊದಲ ಬಾರಿ ಬಂದ ಅಧ್ಯಾಪಕರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, "ಇದೇನು ಮೇಡಂ, ಪಾಠ ಹೇಳೋ ಜಾಗವೋ ಬೇಯಿಸೋ ಜಾಗವೋ?" ಎನ್ನುವುದು ವಾಡಿಕೆ. "ಚೆನ್ನಾಗಿ ಬೆಂದ್ರೆ ತಾನೇ ಸರ್ ಬೇಗ ಜೀರ್ಣ ಆಗೋದು," ಎನ್ನುವುದು ಮೇಡಂ ಅವರ ವಾಡಿಕೆ.

ಕತ್ತರಿಯೆಂಬ ಹೆಸರು ಅಂಟಿಕೊಂಡದ್ದು ಅರ್ಥಶಾಸ್ತ್ರದ ಹಿರಿಯ ಪ್ರಾಧ್ಯಾಪಕರೊಬ್ಬರಿಂದ. ಗಂಟೆಗಟ್ಟಲೆ ನಿರರ್ಗಳವಾಗಿ ಮಾತನಾಡುತ್ತಿದ್ದ, ತಮ್ಮ ಉಪನ್ಯಾಸವೆಂದರೆ ಹರಿಯುವ ಹೊಳೆ ಎಂದು ನಂಬಿದ್ದ ಆ ಹಿರಿಯರು, ತಮ್ಮ ಒಂದು ಗಂಟೆಯ ಪಾಠ ಎಂಟು ಸಣ್ಣ ತುಂಡುಗಳಾಗಿ, ತುಂಡಿಗೊಂದು ಪ್ರಶ್ನೆ ಅಂಟಿಸಿಕೊಂಡು ನಿಂತದ್ದನ್ನು ಕಂಡು ಕೆಂಡವಾದರು. "ನನ್ನ ಪಾಠಕ್ಕೆ ಕತ್ತರಿ ಹಾಕೋಕೆ ನೀವ್ಯಾರಮ್ಮ?" ಮೇಡಂ ದನಿ ಏರಿಸಲಿಲ್ಲ. "ನಾನು ಹಾಕಿದ್ದಲ್ಲ ಸರ್. ನೀವು ನಡುವೆ ನೀರು ಕುಡಿದ್ರಲ್ಲ, ಅಲ್ಲೆಲ್ಲ ಬಿಡಿಸಿದೀನಿ ಅಷ್ಟೆ." ಹಿರಿಯರು ಮತ್ತೆ ಮೊದಲಿನಿಂದ ನೋಡಿದರು. ಪ್ರತಿ ತುಂಡಿನ ಕೊನೆಯಲ್ಲೂ ಅವರದೇ ಕೈ ಲೋಟದ ಕಡೆಗೆ ಹೋಗುತ್ತಿತ್ತು. ನಕ್ಕುಬಿಟ್ಟರು. ಆದರೆ ಅಡ್ಡಹೆಸರು ಇಡೀ ಕಟ್ಟಡದಲ್ಲಿ ಹಬ್ಬಿ ಆಗಿತ್ತು.

ಅವರ ಬಳಿಗೆ ಕೋರ್ಸು ಹೊತ್ತು ಬಂದ ಪ್ರತಿಯೊಬ್ಬರಿಗೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಈ ವಾರ ಮುಗಿಯೋ ಹೊತ್ತಿಗೆ ಹುಡುಗರು ಏನು ಮಾಡೋ ಹಾಗಾಗಬೇಕು ಸರ್?" "ಮಾಡೋದೇನು, ತಿಳ್ಕೋಬೇಕು," ಎನ್ನುತ್ತಿದ್ದರು ಬಂದವರು. "ತಿಳ್ಕೊಂಡಿದಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂಬುದು ಎರಡನೆಯ ಪ್ರಶ್ನೆ. ಅಲ್ಲಿಂದ ಮುಂದೆ ಒಂದು ದೀರ್ಘ ಮೌನ. ಆ ಮೌನ ಮುರಿಯುವವರೆಗೆ ಮೇಡಂ ಪೆನ್ನು ಮುಟ್ಟುತ್ತಿರಲಿಲ್ಲ. ಕೋರ್ಸಿನ ಅರ್ಧ ಕೆಲಸ ಆ ಮೌನದಲ್ಲೇ ಆಗುತ್ತಿತ್ತೆಂದು ಇವತ್ತು ನಮ್ಮ ಅಧ್ಯಾಪಕರಲ್ಲಿ ಹಲವರು ಒಪ್ಪುತ್ತಾರೆ. ಅಂದು ಮೂಗು ಮುರಿದವರೇ ಹೆಚ್ಚು.

ಅವರ ಕರುಣೆ ಕೆಲಸದ ವೇಷದಲ್ಲೇ ಬರುತ್ತಿತ್ತು. ರೇಖಾಗಣಿತದ ಕೋರ್ಸಿಗೆ ಕಿವಿ ಕೇಳಿಸದ ವಿದ್ಯಾರ್ಥಿನಿಯೊಬ್ಬಳು ಸೇರಿದ್ದಳು. ಪಾಠದ ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ಯಂತ್ರವೊಂದನ್ನು ವಿಶ್ವವಿದ್ಯಾಲಯ ಆಗಷ್ಟೇ ತರಿಸಿತ್ತು. ಆ ಮಹಾಯಂತ್ರ ಕೋನಗಳನ್ನೆಲ್ಲ ಕೋಣಗಳೆಂದು ಕೇಳಿಸಿಕೊಂಡು, ಲಂಬಕೋಣ, ಸರಳಕೋಣ, ಎದುರುಬದುರು ನಿಂತ ಶೃಂಗಾಭಿಮುಖ ಕೋಣ ಎಂದು ಪರದೆಯ ತುಂಬ ಮಂದೆಯನ್ನೇ ಹೊಡೆದಿತ್ತು. ವಿಭಾಗವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಮೇಡಂ ಕೂಡ ನಕ್ಕರು; ಆಮೇಲೆ ಕುಳಿತು, ಇಡೀ ಕೋರ್ಸಿನ ಪ್ರತಿ ಸಾಲನ್ನೂ ತಾವೇ ಕೇಳಿ, ತಾವೇ ಬೆರಳಚ್ಚು ಮಾಡಿದರು. ಆ ಹುಡುಗಿ ತೇರ್ಗಡೆಯಾಗಿ ಹೋದಳು. ಅಕ್ಷರಗಳನ್ನು ಯಂತ್ರವೇ ಬರೆದಿರಬೇಕೆಂದು ಅವಳು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಮೇಡಂ ಮದುವೆಯಾಗಲಿಲ್ಲ. ನರ್ಸ್ ಆಗಿದ್ದು ನಿವೃತ್ತರಾದ, ಗಂಡನನ್ನು ಬೇಗ ಕಳೆದುಕೊಂಡ ಅಕ್ಕನ ಜೊತೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದರು. ಹೊಸ ಕೋರ್ಸು ಯಾವುದೇ ಇರಲಿ, ವಿದ್ಯಾರ್ಥಿಗಳಿಗೆ ಹೋಗುವ ಮೊದಲು ಅದು ಅಕ್ಕನ ಮುಂದೆ ಹಾಜರಾಗಬೇಕಿತ್ತು. ಊಟ ಮುಗಿಸಿದ ಅಕ್ಕ ಗೋಡೆಗೊರಗಿ ಕುಳಿತು ನೋಡುವರು. ತಂಗಿ ಪಕ್ಕದಲ್ಲಿ ಕುಳಿತು ಪರದೆಯನ್ನು ಬಿಟ್ಟು ಅಕ್ಕನ ರೆಪ್ಪೆಗಳನ್ನು ನೋಡುವರು. ಭೂಗರ್ಭಶಾಸ್ತ್ರವೇ ಇರಲಿ, ವಾಣಿಜ್ಯ ಕಾನೂನೇ ಇರಲಿ, ಅಕ್ಕನ ವಿಮರ್ಶೆ ಚಿಕ್ಕದು. "ಇಲ್ಲೀವರೆಗೂ ಪರವಾಗಿಲ್ಲ ಕಣೇ. ಇಲ್ಲಿಂದಾಚೆ ಆ ಮನುಷ್ಯ ತನಗೆ ತಾನೇ ಮಾತಾಡ್ಕೋತಾನೆ." ಮರುದಿನ ಆ ಅಧ್ಯಾಪಕರಿಗೆ, ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ, ಅದೇ ಸೂಚನೆ ಹೋಗುತ್ತಿತ್ತು.

ಆ ಅಕ್ಕನಿಗೆ ಮೊಮ್ಮಗು ಹುಟ್ಟಿತು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು, ಇರುವುದು ಬೇರೆ ಊರಿನಲ್ಲಿ. ಸ್ವಲ್ಪ ದಿನಕ್ಕೆಂದು ಹೋದ ಅಕ್ಕ ಅಲ್ಲೇ ಉಳಿದರು. ಯಾರೂ ಯಾರ ಮೇಲೂ ಮುನಿಸಿಕೊಂಡಿರಲಿಲ್ಲ, ಯಾರಿಗೂ ಕಾಯಿಲೆಯಾಗಿರಲಿಲ್ಲ; ದುಃಖವೆಂದು ಹೇಳಿಕೊಳ್ಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಸಂಜೆ ಬೀಗ ತೆಗೆಯುವಾಗ ಒಳಗಿನಿಂದ "ಬಂದ್ಯಾ?" ಎನ್ನುವ ಮಾತೊಂದು ಇಲ್ಲ, ಅಷ್ಟೆ. ಸ್ವಲ್ಪ ಕಾಲ ಮೇಡಂ ತಾವೇ "ಬಂದೆ" ಎಂದು ಹೇಳಿ ಒಳಗೆ ಹೋಗುತ್ತಿದ್ದರಂತೆ. ಆಮೇಲೆ ಅದೂ ನಿಂತಿತಂತೆ. ಇದನ್ನು ಅವರು ಹೇಳಿದ್ದು ಯಾವಾಗಲೋ ಒಮ್ಮೆ, ಡಬ್ಬಿಯ ಮುಚ್ಚಳ ತೆಗೆಯುತ್ತ, ಬೇರೆ ಯಾರದೋ ಸುದ್ದಿ ಹೇಳುವ ಧಾಟಿಯಲ್ಲಿ.

ಅದೇ ವರ್ಷ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಅಧ್ಯಾಪಕರೊಬ್ಬರು ಅವರ ಬಾಗಿಲಲ್ಲಿ ಬಂದು ನಿಂತರು. ಉದ್ಯೋಗದಲ್ಲಿರುವವರಿಗಾಗಿ ಒಂದು ಮಿಶ್ರ ಕೋರ್ಸು ಕಟ್ಟಬೇಕಿತ್ತು: ವಾರದ ದಿನಗಳಲ್ಲಿ ಮೊದಲೇ ಮುದ್ರಿಸಿಟ್ಟ ವಿಡಿಯೋ ಪಾಠಗಳು, ಶನಿವಾರ ಮಧ್ಯಾಹ್ನ ಒಂದು ನೇರ ತರಗತಿ, ಅದಕ್ಕೆ ಊರಿನಲ್ಲಿರುವವರು ಕೋಣೆಗೇ ಬಂದು ಕೂರುವುದು, ಉಳಿದವರು ಪರದೆಯಲ್ಲಿ ಸೇರುವುದು. ಅಧ್ಯಾಪಕರ ವಿದ್ವತ್ತಿನ ಬಗ್ಗೆ ಎರಡು ಮಾತಿರಲಿಲ್ಲ. ಆದರೆ ಅವರಿಗೆ ಉಗ್ಗಿತ್ತು. ಅದರಲ್ಲೂ ‘ಸ’ ಎಂಬ ಅಕ್ಷರ ಅವರ ಪಾಲಿಗೆ ಮುಚ್ಚಿದ ಬಾಗಿಲು. ಸಂಖ್ಯೆ, ಸರಾಸರಿ, ಸಂಭವನೀಯತೆ, ಸಮೀಕ್ಷೆ, ಸೂತ್ರ: ಶಾಸ್ತ್ರದ ಹೆಸರಿನಿಂದ ಹಿಡಿದು ಅರ್ಧಕ್ಕರ್ಧ ಮಾತುಗಳು ಆ ಅಕ್ಷರದಿಂದಲೇ ಹುಟ್ಟುವಂಥವು. "ಬೇರೆ ವಿಷಯ ಸಿಗ್ಲಿಲ್ವೇನೋ ನಿಂಗೆ ಅಂತ ನಮ್ಮಮ್ಮ ಇವತ್ತಿಗೂ ಬೈತಾರೆ," ಎಂದು ಅವರೇ ನಕ್ಕರು. ಅಷ್ಟನ್ನು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮೇಡಂ ಕಾದರು. ಆಮೇಲೆ ನಗು ಅಳಿಸಿದ ಮುಖದಲ್ಲಿ ಅವರು ಬಂದ ಕೆಲಸ ಹೇಳಿದರು: "ನನ್ನ ಉಗ್ಗು ಎಲ್ಲೂ ಕಾಣಬಾರದು ಮೇಡಂ. ನೀವು ಕತ್ತರಿಸೋದ್ರಲ್ಲಿ ಹೆಸರುವಾಸಿ ಅಂತೆ. ಎಲ್ಲಾ ತೆಗೆದುಬಿಡಿ."

"ಶನಿವಾರದ ನೇರ ತರಗತಿ ಇದೆಯಲ್ಲ ಸರ್?" ಎಂದರು ಮೇಡಂ.

"ಅದು ಬಂದಾಗ ನೋಡ್ಕೊಳ್ಳೋಣ."

ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುವುದು ವಿನ್ಯಾಸಕಿಯ ಧರ್ಮ. ದನಿಯನ್ನು ತಿದ್ದುವ ಪರದೆಯ ಮೇಲೆ ಮಾತು ಏರಿಳಿಯುವ ಗುಡ್ಡಗಳ ಸಾಲಿನಂತೆ ಕಾಣುತ್ತದೆ. ಮಾತು ತಡೆದಲ್ಲೆಲ್ಲ ಬಯಲು, ಬಯಲಿನ ನಡುವೆ ಮತ್ತೆ ಮತ್ತೆ ತಲೆಯೆತ್ತಿ ಕುಸಿಯುವ ಚಿಕ್ಕ ದಿಬ್ಬಗಳು. ಮೇಡಂ ಆ ಬಯಲುಗಳನ್ನೆಲ್ಲ ತೆಗೆದರು. ಎಲ್ಲೋ ಸಲೀಸಾಗಿ ಬಂದ ಒಂದು ‘ಸ’ವನ್ನು ತಂದು ಇನ್ನೆಲ್ಲೋ ಸಿಕ್ಕಿಕೊಂಡ ಪದದ ತಲೆಗೆ ಕೂರಿಸಿದರು. ಮನೆಗೂ ಆ ಕೆಲಸವನ್ನು ಒಯ್ದರು. ವಾರಗಟ್ಟಲೆ ಆ ಎರಡು ಕೋಣೆಗಳಲ್ಲಿ ಕೇಳಿಸುತ್ತಿದ್ದ ಮನುಷ್ಯದನಿ ಅದೊಂದೇ. ಯಾವ ಪದಕ್ಕೆ ಮೊದಲು ಆತ ಉಸಿರೆಳೆದುಕೊಳ್ಳುತ್ತಾರೆ, ಯಾವುದನ್ನು ಕಂಡು ಹೆದರಿ ಬೇರೊಂದು ಪದದ ಕಡೆಗೆ ಹೊರಳುತ್ತಾರೆ ಎಂಬುದೆಲ್ಲ, ಬಹುಶಃ ಅವರ ತಾಯಿಯನ್ನು ಬಿಟ್ಟರೆ, ಮೇಡಂ ಒಬ್ಬರಿಗೇ ಗೊತ್ತಿತ್ತು. ಆತನಿಗೆ ಮೇಡಂ ಬಗ್ಗೆ ಏನೂ ಗೊತ್ತಿರಲಿಲ್ಲ. ಈ ವೃತ್ತಿಯೇ ಹಾಗೆ. ಗಾಜಿನ ಒಂದೇ ಮಗ್ಗುಲಿನಿಂದ ಕಾಣುತ್ತದೆ.

ಸಿದ್ಧವಾದ ಮೊದಲ ಪಾಠವನ್ನು ತೋರಿಸಿದಾಗ ಅಧ್ಯಾಪಕರು ಬಾಯಿ ತೆರೆದುಕೊಂಡು ನೋಡಿದರು. ಪರದೆಯ ಮೇಲಿನ ಆ ಮನುಷ್ಯ ಎಲ್ಲೂ ಎಡವದೆ, ಒಂದು ಗುಟುಕು ನೀರನ್ನೂ ಕುಡಿಯದೆ ಸರಾಸರಿಯ ಬಗ್ಗೆ ಮಾತಾಡುತ್ತಿದ್ದ. "ಇವನಿಗೋಸ್ಕರ ನಾನು ಹುಟ್ಟಿದಾಗಿಂದ ಕಾಯ್ತಾ ಇದ್ದೆ ಮೇಡಂ," ಎಂದರು. ಮೇಡಂ ಅವರಿಗೆ ಸಂತೋಷವಾಗಬೇಕಿತ್ತು. ಅವರು ಕ್ಯಾಲೆಂಡರಿನಲ್ಲಿ ಶನಿವಾರವನ್ನು ಹುಡುಕಿದರು.

ಮೊದಲ ಶನಿವಾರ ಬಂತು. ಕೋಣೆಯಲ್ಲಿ ಹತ್ತು ಹನ್ನೆರಡು ಜನ, ಗೋಡೆಯ ಪರದೆಯಲ್ಲಿ ಅದರ ಹಲವು ಪಟ್ಟು. ಮೇಡಂ ಹಿಂದಿನ ಮೇಜಿನಲ್ಲಿ, ಮೈಕು ಕ್ಯಾಮೆರಾ ನೋಡಿಕೊಳ್ಳುತ್ತ ಕುಳಿತಿದ್ದರು. ಅಧ್ಯಾಪಕರು ನಮಸ್ಕಾರ ಹೇಳಿದರು. ಅದು ಸುಸೂತ್ರವಾಗಿ ಬಂತು. ಬಳಿಕ ಸಂಭವನೀಯತೆ ಎನ್ನಲು ಹೋದರು. ತುಟಿ ಬಿಗಿಯಿತು. ಗದ್ದ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು. ಕಣ್ಣು ಅರೆ ಮುಚ್ಚಿತು.

ಪರದೆಯ ಬದಿಯಲ್ಲಿ ಸಂದೇಶಗಳು ಏಳತೊಡಗಿದವು. ‘ಸರ್, ನಿಮ್ಮ ವಿಡಿಯೋ ನಿಂತುಹೋಗಿದೆ.’ ‘ಆಡಿಯೋ ಬರ್ತಿಲ್ಲ.’ ‘ನನ್ನ ಕಡೆ ನೆಟ್ ಹೋಗಿದೆ ಅನ್ಸುತ್ತೆ, ಹೊರಗೆ ಹೋಗಿ ಬರ್ತೀನಿ.’ ವಾರವೆಲ್ಲ ಅವರು ಕೇಳಿದ್ದ ಅಧ್ಯಾಪಕರು ಎಲ್ಲೂ ನಿಲ್ಲದವರು. ನಿಂತಿದ್ದಾರೆಂದರೆ ಕೆಟ್ಟಿರುವುದು ಯಂತ್ರವೇ ಇರಬೇಕು. ಅವರಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಒಬ್ಬೊಬ್ಬರಾಗಿ ಹೊರಟರು. ಮೂಲೆಯಲ್ಲಿ ಹಾಜರಾತಿಯ ಸಂಖ್ಯೆ ಇಳಿಯುತ್ತ ಹೋಯಿತು. ಕೋಣೆಯೊಳಗಿದ್ದವರಿಗೆ ನಿಜ ಕಾಣುತ್ತಿತ್ತು. ಅವರು ತಲೆ ತಗ್ಗಿಸಿ ಪುಸ್ತಕ ನೋಡತೊಡಗಿದರು. ‘ನೆಟ್ ಸರಿಯಾಗಿದೆ, ಹೋಗಬೇಡಿ’ ಎಂಬ ಒಂದು ಸಾಲು ಮೇಡಂ ಅವರ ಬೆರಳ ತುದಿಯಲ್ಲಿತ್ತು. ಅದನ್ನು ಬರೆದರೆ, ಆತ ಯಾವುದನ್ನು ಮುಚ್ಚಿಡೆಂದು ಬೇಡಿಕೊಂಡಿದ್ದರೋ ಅದನ್ನೇ ಎಲ್ಲರಿಗೂ ಸಾರಿದಂತೆ. ಬೆರಳು ಕೀಲಿಯ ಮೇಲೇ ಉಳಿಯಿತು. ಅಧ್ಯಾಪಕರು ಲ್ಯಾಪ್‌ಟಾಪ್ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಸೋಮವಾರ ವಿಭಾಗದ ನಿರ್ದೇಶಕರು ಕರೆದರು. ಕೆಟ್ಟವರಲ್ಲ ಅವರು, ಕೋರ್ಸು ಉಳಿಯಬೇಕೆಂಬ ಕಾಳಜಿ ಅವರದು. "ವಿಡಿಯೋಗಳು ಬಹಳ ಚೆನ್ನಾಗಿವೆ, ಅವು ಇರ್ಲಿ. ನೇರ ತರಗತಿಗೆ ಬೇರೆಯವರನ್ನ ಹಾಕೋಣ. ಅವರೂ ಒಪ್ಪಿದಾರೆ." ಅಧ್ಯಾಪಕರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತರಗತಿಗೆ ನಿಲ್ಲಲಾಗದವರೆಂದು ಒಮ್ಮೆ ಕಡತಕ್ಕೆ ಹತ್ತಿದರೆ ಮುಂದೇನಾಗುತ್ತದೆಂದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಡಂ ಅಪರೂಪಕ್ಕೆ ಎದುರಾಡಿದರು. "ಹೇಳೋರು ಒಬ್ಬರು, ಉತ್ತರ ಕೊಡೋರು ಒಬ್ಬರು ಆದ್ರೆ ಅದು ಕೋರ್ಸಲ್ಲ ಸರ್. ಹಾಗೆ ಮಾಡೋದಾದ್ರೆ ಅದರಿಂದ ನನ್ನ ಹೆಸರು ತೆಗೆದುಬಿಡಿ."

ನಿರ್ದೇಶಕರು ಅಚ್ಚರಿಯಿಂದ ತಲೆಯೆತ್ತಿದರು. "ತೆಗೆಯೋಕೆ ನಿಮ್ಮ ಹೆಸರು ಅದರಲ್ಲಿ ಎಲ್ಲಿದೆ ಮೇಡಂ?"

ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಈ ಕೆಲಸದಲ್ಲಿ ಹೆಸರು ಹಾಕಿಕೊಳ್ಳುವುದಿಲ್ಲವೆಂಬುದು ಅವರಿಗೆ ಮೊದಲಿನಿಂದಲೂ ತಿಳಿದದ್ದೇ. ಬೇರೆಯವರ ಬಾಯಿಂದ ಕೇಳಿದ್ದು ಅದೇ ಮೊದಲು. "ಒಂದು ತಿಂಗಳು ಕೊಡಿ ಸರ್," ಎಂದಷ್ಟೇ ಹೇಳಿ ಎದ್ದರು. ಅಷ್ಟು ಸಿಕ್ಕಿತು.

ಅಧ್ಯಾಪಕರು ತಮ್ಮ ಕೊಠಡಿಯಲ್ಲಿ ದೀಪ ಹಾಕದೆ ಕುಳಿತು ತಮ್ಮದೇ ವಿಡಿಯೋ ನೋಡುತ್ತಿದ್ದರು. ಮೇಡಂ ಒಳಗೆ ಬಂದರೂ ನಿಲ್ಲಿಸಲಿಲ್ಲ. "ನೀವು ಮಾಡಿಕೊಟ್ಟ ಈ ಮನುಷ್ಯನ ಎದುರು ನನ್ನ ಕೈಲಿ ನಿಲ್ಲೋಕಾಗಲ್ಲ ಮೇಡಂ," ಎಂದರು. ಒಂದೊಂದು ಪದವೂ ಎದೆಯಿಂದ ಕಿತ್ತು ತಂದಂತಿತ್ತು.

"ಕತ್ತರಿಸದೆ ಇರೋದನ್ನ ಮತ್ತೆ ಮಾಡೋಣ ಸರ್. ಹೊಸದಾಗಿ."

"ಜನ ನಗ್ತಾರೆ."

"ಯಾರೂ ನಗಲಿಲ್ಲ ಶನಿವಾರ. ಅವರಿಗೆ ಗೊತ್ತಾಗಲಿಲ್ಲ, ಅದಕ್ಕೆ ಹೋದ್ರು."

"ನಿಮಗೇನು ಮೇಡಂ, ನೀವು ಪರದೆಯ ಹಿಂದೆ ಇರೋರು. ಒಬ್ಬರೇ ಎದುರಿಗೆ ನಿಂತು ಬಾಯಿ ಕಟ್ಟಿಹೋದ್ರೆ ಹೇಗಿರುತ್ತೆ ಅಂತ ನಿಮಗೆ ಹೇಗೆ ಗೊತ್ತಾಗಬೇಕು?"

"ಮಾತಾಡೋಕೆ ಯಾರೂ ಇಲ್ಲದೆ ಬಾಯಿ ಕಟ್ಟಿಹೋಗೋದು ಗೊತ್ತು ಸರ್," ಎಂದರು ಮೇಡಂ. ಹೊರಡುವಾಗ, "ನಾಳೆ ಹತ್ತಕ್ಕೆ ಕೋಣೆ ಖಾಲಿ ಇರುತ್ತೆ. ಫ್ಯಾನು ಹಾಕೋಕಾಗಲ್ಲ, ತೆಳ್ಳಗಿರೋ ಅಂಗಿ ಹಾಕ್ಕೊಂಡು ಬನ್ನಿ," ಎಂದರು.

ಮರುದಿನ ಅವರು ಬಂದರು. ಕ್ಯಾಮೆರಾ ನೋಡಿ ಆರಂಭಿಸಿದರು, ಮಾತು ತಡೆಯಿತು, ಮುಖ ತಿರುಗಿಸಿದರು. ಮತ್ತೊಮ್ಮೆ, ಮಗದೊಮ್ಮೆ ಅದೇ ಆಯಿತು. ಮೇಡಂ ಎದ್ದು, ಒಂದು ಕುರ್ಚಿ ಎಳೆದುಕೊಂಡು ಕ್ಯಾಮೆರಾದ ಪಕ್ಕಕ್ಕೇ ಕುಳಿತರು. "ಅದಕ್ಕೆ ಹೇಳ್ಬೇಡಿ ಸರ್. ನನಗೆ ಹೇಳಿ. ನನಗೆ ಚಿಕ್ಕಂದಿನಿಂದ ಲೆಕ್ಕ ತಲೆಗೆ ಹತ್ತಲ್ಲ." ಅದು ಉಪಾಯದ ಮಾತಾಗಿರಲಿಲ್ಲ, ನಿಜವಾಗಿಯೂ ಹತ್ತುತ್ತಿರಲಿಲ್ಲ. ಸರಾಸರಿಯ ಪಾಠ ಮುಗಿದು, ಸರಾಸರಿಯಿಂದ ಆಚೀಚೆ ಸರಿಯುವ ಅಳತೆಯ ಪಾಠ ಬಂದಾಗ ಅವರು ಕೈಯೆತ್ತಿದರು: "ಸರಾಸರಿ ಸಿಕ್ಕಿದ ಮೇಲೆ ಇದ್ಯಾಕೆ ಸರ್ ಬೇಕು?"

ಅಧ್ಯಾಪಕರು ಆಗ ಪುಸ್ತಕ ಬಿಟ್ಟರು. ಎರಡು ಬಸ್ಸುಗಳ ಮಾತೆತ್ತಿದರು. ಎರಡಕ್ಕೂ ಸರಾಸರಿ ಕಾಯುವುದು ಹತ್ತು ನಿಮಿಷ. ಒಂದು ಬಸ್ಸು ಪ್ರತಿದಿನವೂ ಹತ್ತರ ಆಸುಪಾಸಿನಲ್ಲೇ ಬರುತ್ತದೆ. ಇನ್ನೊಂದು ಒಮ್ಮೆ ನೀವು ನಿಲ್ದಾಣಕ್ಕೆ ಕಾಲಿಟ್ಟ ಕೂಡಲೇ ಬಂದುಬಿಡುತ್ತದೆ, ಒಮ್ಮೆ ಅರ್ಧ ಗಂಟೆಯಾದರೂ ಸುಳಿವಿಲ್ಲ. "ಸರಾಸರಿ ಒಂದೇ ಮೇಡಂ. ಆದ್ರೆ ಒಂದನ್ನ ನಂಬಿ ಮನೆಯಿಂದ ಹೊರಡಬಹುದು." ಹೇಳುತ್ತ ಹೇಳುತ್ತ ನಾಲ್ಕಾರು ಕಡೆ ಮಾತು ಸಿಕ್ಕಿಕೊಂಡಿತು. ಪ್ರತಿ ಸಲವೂ ಅವರ ಕಣ್ಣು ಮೇಡಂ ಅವರ ಮುಖದ ಮೇಲಿತ್ತು, ಮೇಡಂ ಕಣ್ಣು ಅವರ ಮುಖದ ಮೇಲೆ. ಉಗ್ಗು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮುಖ ತಿರುಗಿಸುವುದು ಮಾತ್ರ ನಿಂತಿತು.

ಹಾಗೆ ಇಡೀ ಕೋರ್ಸು ಮತ್ತೆ ಮುದ್ರಣವಾಯಿತು. ಅದನ್ನು ಒಪ್ಪಗೊಳಿಸುವ ಕೆಲಸಕ್ಕೆ ಮೇಡಂ ಕುಳಿತಾಗ, ಪಕ್ಕದ ಮೇಜಿನಲ್ಲಿ ಧ್ವನಿಯ ಕೆಲಸ ನೋಡಿಕೊಳ್ಳುತ್ತಿದ್ದ ಕಿರಿಯ ಸಹೋದ್ಯೋಗಿ, ಅಂದರೆ ಈ ಲೇಖನ ಬರೆಯುತ್ತಿರುವವನು, ಅವರು ಯಾವುದಕ್ಕೆ ಕತ್ತರಿ ಹಾಕುತ್ತಾರೆಂದು ಕುತೂಹಲದಿಂದ ನೋಡುತ್ತಿದ್ದ. ಅಧ್ಯಾಪಕರ ಒಂದೇ ಒಂದು ನಿಲುಗಡೆಯನ್ನೂ ಅವರು ಮುಟ್ಟಲಿಲ್ಲ. ತೆಗೆದದ್ದು ತಮ್ಮ ದನಿಯನ್ನು. ಕೇಳಿದ ಪ್ರಶ್ನೆಗಳು, "ಇನ್ನೊಂದ್ಸಲ ಹೇಳಿ ಸರ್" ಎಂದದ್ದು, ಅರ್ಥವಾದಾಗ ತಮಗರಿವಿಲ್ಲದೆ "ಓಹೋ" ಎಂದದ್ದು, ಎಲ್ಲವನ್ನೂ ಒಂದೊಂದಾಗಿ ಅಳಿಸಿದರು.

"ನಿಮ್ಮ ಪ್ರಶ್ನೆಗಳು ಇರ್ಲಿ ಬಿಡಿ ಮೇಡಂ, ಚೆನ್ನಾಗಿವೆ," ಎಂದಾಗ, "ಪಾಠ ಅವರದು. ನಡುವೆ ನಾನ್ಯಾಕೆ?" ಎಂದರು. ಇವತ್ತಿಗೂ ಆ ಪಾಠಗಳಲ್ಲಿ ಅಧ್ಯಾಪಕರು ಆಗಾಗ ಕ್ಯಾಮೆರಾದ ತುಸು ಎಡಕ್ಕೆ ನೋಡುತ್ತಾರೆ, ಯಾರದೋ ಮಾತು ಕೇಳಿಸಿಕೊಂಡವರಂತೆ ಸ್ವಲ್ಪ ತಡೆಯುತ್ತಾರೆ, ಬಳಿಕ ಇನ್ನೊಮ್ಮೆ, ಬೇರೆ ರೀತಿಯಲ್ಲಿ, ವಿವರಿಸುತ್ತಾರೆ. ವಿದ್ಯಾರ್ಥಿಗಳು ಅದು ತಮಗಾಗಿಯೇ ತಡೆದದ್ದೆಂದು ತಿಳಿಯುತ್ತಾರೆ. ತಿಳಿಯಲಿ ಎಂದೇ ಮೇಡಂ ಹಾಗೆ ಮಾಡಿದ್ದು.

ಹೊಸ ಕೋರ್ಸಿನ ಮೊದಲ ಪುಟಕ್ಕೆ ಅಧ್ಯಾಪಕರೇ ಎರಡು ಸಾಲು ಬರೆದುಕೊಟ್ಟರು: ‘ನಿಮ್ಮ ನೆಟ್ ಸರಿಯಾಗಿದೆ. ನಿಂತಿರುವುದು ನನ್ನ ಮಾತು, ಬರುತ್ತದೆ.’ ಅದಾದ ಮೊದಲ ಶನಿವಾರ ಮಾತು ನಿಂತಾಗ ಪರದೆಯಿಂದ ಮೂವರು ಹೊರಟುಹೋದರು. ಉಳಿದವರು ಕುಳಿತಿದ್ದರು. ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸುಳ್ಳಾದೀತು. ಮರುವರ್ಷ ದಾಖಲಾತಿ ಇಳಿಯಿತು. ಚುರುಕಾಗಿ ಮಾತಾಡುವವರನ್ನು ಹಾಕಿ ಎಂಬ ದೂರುಗಳು ಬಂದವು. ವಿಭಾಗದಲ್ಲಿ ಖಾಲಿಯಾದ ಉಪಮುಖ್ಯಸ್ಥರ ಹುದ್ದೆ ಮೇಡಂ ಅವರಿಗೆ ಬರುವುದೆಂದು ನಾವೆಲ್ಲ ಅಂದುಕೊಂಡಿದ್ದರೆ, ಅದು ಹೊರಗಿನಿಂದ ಬಂದವರ ಪಾಲಾಯಿತು. ಆದರೆ ಅಧ್ಯಾಪಕರ ಕೆಲಸ ಖಾಯಂ ಆಯಿತು. ಕಾರ್ಖಾನೆಯೊಂದರಲ್ಲಿ ದುಡಿಯುವ ವಿದ್ಯಾರ್ಥಿಯೊಬ್ಬ, "ಸರ್ ನಿಲ್ಲಿಸಿದಾಗ ನನಗೆ ಬರ್ಕೊಳ್ಳೋಕೆ ಟೈಮ್ ಸಿಗುತ್ತೆ, ಬೇರೆಯವರ ಪಾಠದಲ್ಲಿ ಸಿಗಲ್ಲ," ಎಂದು ಅಭಿಪ್ರಾಯದ ಜಾಗದಲ್ಲಿ ಬರೆದದ್ದನ್ನು ಓದಿ ಅಧ್ಯಾಪಕರು ಆ ದಿನವೆಲ್ಲ ನಗುತ್ತಿದ್ದರು.

ಕೋರ್ಸು ತನ್ನ ಕಾಲ ಮೇಲೆ ನಿಂತ ಮೇಲೆ ವಿನ್ಯಾಸಕಿಯ ಬಳಿಗೆ ಬರುವ ಅಗತ್ಯ ಯಾರಿಗೂ ಇರುವುದಿಲ್ಲ. ಸಂಖ್ಯಾಶಾಸ್ತ್ರದ ಅಧ್ಯಾಪಕರೂ ಬರುವುದು ಕಡಿಮೆಯಾಯಿತು. ಮೊಗಸಾಲೆಯಲ್ಲಿ ಎದುರಾದರೆ ನಿಂತು ನಮಸ್ಕರಿಸಿ ಹೋಗುತ್ತಿದ್ದರು. ಇದು ಮುನಿಸಲ್ಲ, ಮರೆವೂ ಅಲ್ಲ. ಕೆಲಸ ಚೆನ್ನಾಗಿ ಆಯಿತೆಂಬುದರ ಗುರುತೇ ಅದು ಎಂದು ಮೇಡಂ ಹೇಳುತ್ತಿದ್ದರು. ಹೇಳುವಾಗ ಅವರ ಕಣ್ಣು ಗ್ರಂಥಾಲಯದ ಹಿಂಗೋಡೆಯ ಮೇಲಿರುತ್ತಿತ್ತು.

ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ಒಂದು ವರ್ಷ ಮಾತ್ರ ಅವರ ಫೋನು ಬಿಡುವು ಕಾಣಲಿಲ್ಲ. ಎಲ್ಲ ತರಗತಿಗಳೂ ಒಮ್ಮೆಗೇ ಪರದೆಗೆ ಬಂದಿದ್ದವು. ಅವರ ಕೋಣೆ ಎಲ್ಲಿದೆಯೆಂದು ತಿಳಿಯದಿದ್ದವರೂ ದಿನಕ್ಕೆರಡು ಸಲ ಕರೆ ಮಾಡಿದರು. ಮೈಕು ಎಲ್ಲಿ ಒತ್ತುವುದೆಂಬುದರಿಂದ ಹಿಡಿದು, ಯಾರೂ ಮುಖ ತೋರಿಸದ ತರಗತಿಯಲ್ಲಿ ಯಾರಿಗೆ ಪಾಠ ಹೇಳುವುದೆಂಬ ಅಳಲಿನವರೆಗೆ ಎಲ್ಲವೂ ಅವರ ಕಿವಿಗೆ ಬಿದ್ದವು. "ಒಬ್ಬರನ್ನ ಹೆಸರು ಹಿಡಿದು ಕರೀರಿ ಸರ್. ಮೊದಲು ಒಬ್ಬರು ಸಾಕು," ಎಂದು ಅವರು ಎಷ್ಟು ಜನರಿಗೆ ಹೇಳಿದರೋ. ಬಾಗಿಲುಗಳು ತೆರೆದವು. ಎಲ್ಲರೂ ತಮ್ಮ ತಮ್ಮ ತರಗತಿಗಳಿಗೆ ಮರಳಿದರು. ಒಂದು ವಾರದಲ್ಲಿ ಫೋನು ಮೊದಲಿನಂತಾಯಿತು. ಮೇಜಿನ ಮೇಲೆ ಅದನ್ನು ಮುಖ ಮೇಲಾಗಿ ಇಡುವ ಅಭ್ಯಾಸ ಮಾತ್ರ ಅವರಿಗೆ ಉಳಿದುಕೊಂಡಿತು.

ಕಡೆಯ ದಿನ ಬೀಳ್ಕೊಡುಗೆಗೆ ಮೊದಲು ಅವರಿಗೊಂದು ಕೆಲಸವಿತ್ತು. ತಾವು ಕಟ್ಟಿದ ಪ್ರತಿ ಕೋರ್ಸಿನ ಒಳಗೂ ಸಹಾಯಕ ಖಾತೆಯೊಂದರಿಂದ ಹೋಗಿಬರುತ್ತಿದ್ದವರು, ನಿಯಮದಂತೆ ಆ ಎಲ್ಲದರಿಂದ ಹೊರಬರಬೇಕಿತ್ತು. ಪ್ರತಿ ಸಲವೂ ಪರದೆ ಕೇಳುತ್ತಿತ್ತು: ‘ಈ ಕೋರ್ಸಿನಿಂದ ನೀವು ಹೊರಹೋಗಲು ಬಯಸುವಿರಾ?’ ಪ್ರತಿ ಸಲವೂ ಅವರು ಹೌದು ಒತ್ತಿದರು. ಬೆಳಗ್ಗೆ ಕುಳಿತವರು ಊಟದ ಹೊತ್ತಿಗೆ ಎದ್ದರು. ಸಭೆಯಲ್ಲಿ ಹಾರ ಹಾಕಿಸಿಕೊಂಡು, ಮಾತಾಡಲು ಕರೆದಾಗ "ಎಲ್ಲರಿಗೂ ಒಳ್ಳೇದಾಗಲಿ" ಎಂದಷ್ಟೇ ಹೇಳಿ ಕುಳಿತರು. ಅಕ್ಕ ತಾವಿರುವ ಊರಿಗೇ ಬಂದುಬಿಡೆಂದು ಕರೆದಿದ್ದರು. ಮೇಡಂ ಹತ್ತು ದಿನ ಇದ್ದು ಮರಳಿದರು. ಅಲ್ಲಿ ಮಗುವಿನ ಶಾಲೆ, ಎಲ್ಲರ ಓಡಾಟ. ಕುಳಿತ ಕಡೆಯೆಲ್ಲ ಯಾರದೋ ಜಾಗ ಎನಿಸಿತಂತೆ.

ಆಮೇಲೆ ನಮಗೆ ಅವರ ಸುದ್ದಿ ಇರಲಿಲ್ಲ. ಫೋನು ಮಾಡಿದರೆ, "ಆರಾಮಾಗಿದೀನಿ" ಎನ್ನುವರು. ಅದರ ಮುಂದೆ ಮಾತು ಬೆಳೆಯುತ್ತಿರಲಿಲ್ಲ. ವಿಭಾಗ ಹೊರತರುತ್ತಿರುವ ಈ ಸಂಪುಟಕ್ಕೆ ಲೇಖನ ಬರೆಯುವ ಕೆಲಸ ಬಂದಿದ್ದರೂ, ಕೊನೆಗೆ ಏನು ಬರೆಯುವುದೆಂದು ತೋಚದೆ ಕುಳಿತಿದ್ದ ಒಂದು ಸಂಜೆ ಅವರೇ ಕರೆ ಮಾಡಿದರು. ಇಷ್ಟು ವರ್ಷಗಳಲ್ಲಿ ಎಂದೂ ಕೇಳದ ಉತ್ಸಾಹ ಆ ದನಿಯಲ್ಲಿತ್ತು.

"ಕೇಳಿದ್ರಾ? ನನ್ನ ಲೆಕ್ಕ ತಪ್ಪಂತೆ!"

ಯಾವ ಲೆಕ್ಕವೆಂದು ಬಿಡಿಸಿ ಕೇಳಿದಾಗ ತಿಳಿಯಿತು: ಈ ಸಾಲಿನ ಸಂಖ್ಯಾಶಾಸ್ತ್ರದ ಕೋರ್ಸಿಗೆ ಅವರು ಎಲ್ಲರಂತೆ ಶುಲ್ಕ ಕಟ್ಟಿ, ಯಾರಿಗೂ ಹೇಳದೆ, ವಿದ್ಯಾರ್ಥಿನಿಯಾಗಿ ಸೇರಿಕೊಂಡಿದ್ದರು. ಮೊದಲ ವಾರದ ಅಭ್ಯಾಸವನ್ನು ಬರೆದು ಕಳಿಸಿದ್ದರು. ಅಧ್ಯಾಪಕರು ಪಟ್ಟಿಯಲ್ಲಿ ಅವರನ್ನು ಗುರುತಿಸದೇ ಇರಲು ಸಾಧ್ಯವಿರಲಿಲ್ಲ. ಆದರೂ ಒಂದು ಕುಶಲಪ್ರಶ್ನೆಯನ್ನೂ ಕೇಳದೆ, ಹೊಗಳಿಕೆಯ ಒಂದು ಅಕ್ಷರವನ್ನೂ ಬರೆಯದೆ, ಬೇರೆ ಯಾವ ವಿದ್ಯಾರ್ಥಿಗೂ ಬರೆಯುವಂತೆ ಬರೆದಿದ್ದರು: ‘ಎರಡನೆಯ ಲೆಕ್ಕದಲ್ಲಿ ಭಾಗಿಸುವ ಬದಲು ಗುಣಿಸಿದ್ದೀರಿ. ಭಾನುವಾರದೊಳಗೆ ಮತ್ತೆ ಮಾಡಿ ಕಳಿಸಿ.’

"ಪೂರ್ತಿ ಓದಿದಾರೆ ನೋಡಿ," ಎಂದರು ಮೇಡಂ. "ಎಲ್ಲಿ ತಪ್ಪಿದೆ ಅಂತ ಸಾಲು ಸಮೇತ ಹುಡುಕಿದಾರೆ." ಇನ್ನೂ ಏನನ್ನೋ ಕೇಳಬೇಕೆಂದುಕೊಳ್ಳುವಷ್ಟರಲ್ಲಿ, "ಇಡ್ತೀನಿ ಈಗ, ಲೆಕ್ಕ ಮಾಡೋದಿದೆ," ಎಂದು ಇಟ್ಟೇಬಿಟ್ಟರು.

ಮೇಡಂ ಅವರಿಗೆ ದೀರ್ಘಾಯುಸ್ಸು ಒದಗಿ ಬರಲಿ, ಕಣ್ಣು ಕಿವಿ ಚುರುಕಾಗಿರಲಿ, ಅವರ ಸಂಜೆಗಳಿಗೆ ಬೇಕಾದಷ್ಟು ಕೆಲಸ ಸಿಗಲಿ ಎಂದು ನಮ್ಮ ವಿಭಾಗದ ಎಲ್ಲರ ಪರವಾಗಿ ಹಾರೈಸುತ್ತೇವೆ. ಎರಡನೆಯ ಲೆಕ್ಕ ಭಾನುವಾರದೊಳಗೆ ಸರಿಹೋಗಲಿ. ಮೂರನೆಯದು ಇನ್ನೂ ಸ್ವಲ್ಪ ಕಷ್ಟದ್ದಿರಲಿ.